ಲೆಕ್ಕದ ಗುಮಾಸ್ತನ ಪುಟ್ಟ ರೈಲು

ಚನ್ನಪಟ್ಟಣದ ಹೆದ್ದಾರಿ ಬದಿಯ ಯಾವ ಬೊಂಬೆ ಅಂಗಡಿಗೆ ಹೋದರೂ ಒಂದು ಮರದ ರೈಲು ಕಣ್ಣಿಗೆ ಬಿದ್ದೇ ಬೀಳುತ್ತದೆ. ಎಂಜಿನ್, ಎರಡು ಮೂರು ಬೋಗಿ, ಗುಂಡು ಗಾಲಿ, ಎಲ್ಲವೂ ಹಾಲೆಮರದ್ದು. ಲೇತ್ ಮೇಲೆ ತಿರುಗಿಸಿ ಅರಗಿನ ಬಣ್ಣ ಹಿಡಿಸಿದ್ದು. ಮಗುವಿಗೆ ಇಷ್ಟು ಸಾಕು. ಆದರೆ ಪ್ರಪಂಚದಲ್ಲಿ ಇನ್ನೊಂದು ಬಗೆಯ ಪುಟ್ಟ ರೈಲಿದೆ. ನಿಜವಾದ ರೈಲನ್ನು ಅಳತೆ ತಪ್ಪದ ಹಾಗೆ 43 ಪಟ್ಟೋ 76 ಪಟ್ಟೋ ಚಿಕ್ಕದು ಮಾಡಿದರೆ ಹೇಗಿರುತ್ತದೋ ಹಾಗೆ, ಬಫರ್, ಬಾಗಿಲ ಹಿಡಿ, ಪ್ಲಾಟ್‌ಫಾರ್ಮಿನ ಮೇಲೆ ನಿಂತ ಪೋರ್ಟರ್ ಸಮೇತ. ಈ ಚಿಕ್ಕ ಚಿಕ್ಕ ಭಾಗಗಳಲ್ಲಿ ಬಹಳಷ್ಟು ಲೋಹದ ಎರಕ. ಇಂಥ ರೈಲನ್ನು ಸಾಮಾನ್ಯರ ಮನೆಗೆ ಮುಟ್ಟಿಸಿದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿಯದು. ಮೆಕ್ಯಾನಿಕಲ್ ಓದುತ್ತಿರುವ ನನಗೆ ಈತನ ಕಥೆ ಹಿಡಿಸಲು ಕಾರಣ ಸರಳ. ಈತ ಎಂಜಿನಿಯರಿಂಗ್ ಓದಿದವನೇ ಅಲ್ಲ. ಲೆಕ್ಕ ಬರೆಯುತ್ತಿದ್ದ ಗುಮಾಸ್ತ.

ಹಾರ್ನ್‌ಬಿ ಹುಟ್ಟಿದ್ದು 1863ರ ಮೇ 15ರಂದು, ಲಿವರ್‌ಪೂಲ್‌ನಲ್ಲಿ. ತಂದೆ ದಿನಸಿ ವ್ಯಾಪಾರಿ. ಹುಡುಗ ಹದಿನಾರಕ್ಕೇ ಶಾಲೆ ಬಿಟ್ಟು ತಂದೆಯ ವ್ಯಾಪಾರದಲ್ಲಿ ಕ್ಯಾಷಿಯರ್ ಆದ. ನಮ್ಮ ಬೆಂಗಳೂರು-ಮೈಸೂರು ಮೀಟರ್ ಗೇಜ್ ಹಳಿ ರಾಮನಗರ, ಚನ್ನಪಟ್ಟಣ ದಾಟಿ ಹೋದದ್ದು 1880ರ ದಶಕದ ಆರಂಭದಲ್ಲಿ. ಅಷ್ಟು ಹೊತ್ತಿಗೆ ಈತ ಅಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. (ಕನಕಪುರ, ಮಾಗಡಿಯ ಗೆಳೆಯರು ಇಂದಿಗೂ ರೈಲು ಹತ್ತಲು ಬೇರೆ ಊರಿಗೇ ಬರಬೇಕು, ಅದು ಬೇರೆ ಮಾತು.) 1887ರಲ್ಲಿ ಕ್ಲಾರಾ ಎಂಬಾಕೆಯನ್ನು ಮದುವೆಯಾದ. ರೋಲಂಡ್, ಡಗ್ಲಸ್ ಎಂಬ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. 1899ರಲ್ಲಿ ತಂದೆ ತೀರಿಕೊಂಡರು, ಅಂಗಡಿ ಮುಚ್ಚಿತು. ಮಾಂಸ ಆಮದು ಮಾಡುತ್ತಿದ್ದ ಡೇವಿಡ್ ಎಲಿಯಟ್ ಎಂಬುವರ ಕಚೇರಿಯಲ್ಲಿ ಬುಕ್‌ಕೀಪರ್ ಕೆಲಸ ಸಿಕ್ಕಿತು. ವಯಸ್ಸು ಮೂವತ್ತಾರು. ಇಲ್ಲಿಯವರೆಗೆ ಬರೆಯುವಂಥದ್ದೇನೂ ಇಲ್ಲದ ಬದುಕು.

ಬರೆಯುವಂಥದ್ದು ಮನೆಯ ಹಿಂದಿನ ಪುಟ್ಟ ವರ್ಕ್‌ಶಾಪ್‌ನಲ್ಲಿ ನಡೆಯುತ್ತಿತ್ತು. ಮಕ್ಕಳಿಗಾಗಿ ಹಾರ್ನ್‌ಬಿ ತಗಡು ಕತ್ತರಿಸಿ ಸೇತುವೆ, ಟ್ರಕ್, ಕ್ರೇನ್ ಮಾಡುತ್ತಿದ್ದ. ತೊಂದರೆ ಏನೆಂದರೆ, ಕ್ರೇನ್‌ಗೆಂದು ಕತ್ತರಿಸಿದ ತುಂಡು ಸೇತುವೆಗೆ ಬರುತ್ತಿರಲಿಲ್ಲ. ಪ್ರತಿ ಆಟಿಕೆಗೂ ಮೊದಲಿನಿಂದ ಅಳತೆ, ಮೊದಲಿನಿಂದ ಕತ್ತರಿ. ಒಂದೇ ಅಗಲದ ಪಟ್ಟಿಗಳನ್ನು ಕತ್ತರಿಸಿ, ಉದ್ದಕ್ಕೂ ಅರ್ಧ ಇಂಚಿಗೆ ಒಂದರಂತೆ ತೂತು ಕೊರೆದರೆ? ಆಗ ಯಾವ ಪಟ್ಟಿಯನ್ನು ಯಾವುದಕ್ಕೆ ಬೇಕಾದರೂ ನಟ್ಟು-ಬೋಲ್ಟಿನಲ್ಲಿ ಬಿಗಿಯಬಹುದು. ಬಿಚ್ಚಬಹುದು. ಮತ್ತೆ ಇನ್ನೊಂದನ್ನು ಕಟ್ಟಬಹುದು. ಅದೇ ತೂತಿನಲ್ಲಿ ಕಡ್ಡಿ ತೂರಿಸಿದರೆ ಗಾಲಿಗೆ ಆಕ್ಸೆಲ್ ಕೂಡ ಆಯಿತು.

ಇಂಟರ್‌ಚೇಂಜಬಿಲಿಟಿ ಎಂದು ನಾವು ಪರೀಕ್ಷೆಗೆ ಉರು ಹೊಡೆಯುವ ಪದ ಇದೇ. ಬಂದೂಕು, ಹೊಲಿಗೆ ಯಂತ್ರದ ಕಾರ್ಖಾನೆಗಳಿಗೆ ಈ ವಿಚಾರ ಆಗಲೇ ಗೊತ್ತಿತ್ತು. ಮಕ್ಕಳ ಕೈಗೆ ಕೊಟ್ಟು ಹಣ ಮಾಡಬಹುದು ಎಂದು ಹೊಳೆದದ್ದು ಈ ಗುಮಾಸ್ತನಿಗೆ. ನನ್ನ ಲೆಕ್ಕದಲ್ಲಿ ಮುಂದೆ ಆತ ಮಾಡಿದ ರೈಲು, ಕಾರು, ಕೋಟ್ಯಂತರ ಆಟಿಕೆಗಳಿಗಿಂತ ಈ ಅರ್ಧ ಇಂಚೇ ದೊಡ್ಡದು.

ಪೇಟೆಂಟ್ ಮಾಡಿಸಲು ಕೈಯಲ್ಲಿ ದುಡ್ಡಿರಲಿಲ್ಲ. ಯಜಮಾನ ಎಲಿಯಟ್‌ರಿಂದ ಐದು ಪೌಂಡ್ ಸಾಲ ಪಡೆದು 1901ರ ಜನವರಿಯಲ್ಲಿ ಅರ್ಜಿ ಹಾಕಿದ. ಕಚೇರಿಯ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಕೋಣೆಯನ್ನೂ ಎಲಿಯಟ್ ಕೊಟ್ಟರು, ಪಾಲುದಾರರೂ ಆದರು. ಅದೇ ವರ್ಷದ ಕೊನೆಗೆ ಸೆಟ್ಟು ಮಾರಾಟಕ್ಕೆ ಬಂತು. ಹೆಸರು ಮೆಕ್ಯಾನಿಕ್ಸ್ ಮೇಡ್ ಈಸಿ. ಹದಿನಾರು ಬಗೆಯ ಬಿಡಿಭಾಗ, ಹನ್ನೆರಡು ಮಾದರಿಗಳನ್ನು ತೋರಿಸುವ ಒಂದು ಕರಪತ್ರ.

ಈಗಿನ ಸ್ಟಾರ್ಟಪ್ ಭಾಷಣಗಳಲ್ಲಾದರೆ ಮುಂದಿನ ವಾಕ್ಯ ಕೋಟಿಗಳದ್ದಾಗಿರುತ್ತಿತ್ತು. ಹಾರ್ನ್‌ಬಿಗೆ ಹಾಗಾಗಲಿಲ್ಲ. ಭಾಗಗಳನ್ನು ಹೊರಗಿನವರಿಂದ ಮಾಡಿಸುತ್ತಿದ್ದರು, ಅವುಗಳ ಗುಣಮಟ್ಟ ಅಷ್ಟಕ್ಕಷ್ಟೆ. 1903ರಲ್ಲಿ ಸುಮಾರು 1500 ಸೆಟ್ಟು ಮಾರಾಟವಾದರೂ ಲಾಭ ಬರಲಿಲ್ಲ. ಮೊದಲ ಚಿಕ್ಕ ಲಾಭ ಕಂಡದ್ದು 1906ರ ಸುಮಾರಿಗೆ. ಅಲ್ಲಿಯವರೆಗೂ ಹಾರ್ನ್‌ಬಿ ಹಗಲು ಎಲಿಯಟ್‌ರ ಲೆಕ್ಕದ ಪುಸ್ತಕ ಬರೆಯುತ್ತಲೇ ಇದ್ದ. ಕೆಲಸ ಬಿಡಲಿಲ್ಲ.

ನಡುವೆ ಆತ ಮಾಡಿದ ಒಂದು ಜಾಣತನ ನಮ್ಮಂಥವರಿಗೆ ಕುತೂಹಲ ಹುಟ್ಟಿಸುವಂಥದ್ದು. ಲಿವರ್‌ಪೂಲ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ, ಪ್ರೊಫೆಸರ್ ಹೀಲಿ-ಷಾ ಅವರಿಗೆ ತನ್ನ ಆಟಿಕೆ ತೋರಿಸಿದ. ಫ್ಲೂಯಿಡ್ ಮೆಕ್ಯಾನಿಕ್ಸ್ ಪುಸ್ತಕದಲ್ಲಿ ಬರುವ ಹೀಲಿ-ಷಾ ಹರಿವು ಅವರದ್ದೇ ಹೆಸರಿನದು. ಅವರು ಮೆಚ್ಚಿ ಬರೆದುಕೊಟ್ಟ ಪತ್ರ ಹಿಡಿದು ಹೋದ ಮೇಲೆ, ಭಾಗ ಮಾಡಿಕೊಡುವ ಕಾರ್ಖಾನೆಯವರು ಈತನ ಮಾತು ಕೇಳತೊಡಗಿದರು. ಪದವಿ ಇಲ್ಲದ ಗುಮಾಸ್ತನೊಬ್ಬ ಪ್ರೊಫೆಸರ್ ಬಾಗಿಲು ತಟ್ಟಿದ್ದೂ ಹೆಚ್ಚು, ಅವರು ಬಾಗಿಲು ತೆರೆದದ್ದೂ ಹೆಚ್ಚು.

1907ರಲ್ಲಿ ಬೇಡಿಕೆ ಏರಿತು, ಪೂರೈಸುವವರ ಕೈಯಲ್ಲಿ ಆಗಲಿಲ್ಲ. ಆಗ ಮಾತ್ರ ಹಾರ್ನ್‌ಬಿ ನೌಕರಿಗೆ ರಾಜೀನಾಮೆ ಕೊಟ್ಟ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಡ್ಯೂಕ್ ಸ್ಟ್ರೀಟ್‌ನಲ್ಲಿ ಜಾಗ ಹಿಡಿದು ತಾನೇ ತಯಾರಿಕೆ ಶುರು ಮಾಡಿದ. ಸೆಪ್ಟೆಂಬರಿನಲ್ಲಿ ಮೆಕ್ಯಾನೊ ಎಂಬ ಹೆಸರು ನೋಂದಾಯಿಸಿದ. ಮರುವರ್ಷ ಮೆಕ್ಯಾನೊ ಲಿಮಿಟೆಡ್ ಕಟ್ಟುವಾಗ ಎಲಿಯಟ್ ಹಿಂದೆ ಸರಿದರು. ಐದು ಪೌಂಡ್ ಕೊಟ್ಟು ನೆರವಾದವರು ಲಾಭದ ಹೊಸ್ತಿಲಲ್ಲಿ ಏಕೆ ನಿಂತರೋ! ನಮ್ಮಲ್ಲಿ ಮಕ್ಕಳು ಬೋಲ್ಟು ಬಿಗಿದು ಲಾರಿ, ಕ್ರೇನ್ ಕಟ್ಟುವ ಮೆಕ್ಯಾನಿಕ್ಸ್ ಸೆಟ್ಟುಗಳು ಇದೇ ಮನೆತನದವು.

ಮುಂದಿನದು ವೇಗವಾಗಿ ನಡೆಯಿತು. 1912ರಲ್ಲಿ ಬರ್ಲಿನ್ ಶಾಖೆ, 1914ರಲ್ಲಿ ಲಿವರ್‌ಪೂಲ್‌ನ ಬಿನ್ಸ್ ರೋಡ್‌ನಲ್ಲಿ ದೊಡ್ಡ ಕಾರ್ಖಾನೆ, 1916ರಿಂದ ಮೆಕ್ಯಾನೊ ಮ್ಯಾಗಜಿನ್. ಅಮೆರಿಕದಲ್ಲಿ ನಕಲು ಮಾಡಿದವರ ಮೇಲೆ ಮೊಕದ್ದಮೆ ಹೂಡಿ ಗೆದ್ದ. ಹೆಸರು, ವಿನ್ಯಾಸ ಎರಡನ್ನೂ ಕಾಗದದಲ್ಲಿ ಭದ್ರ ಮಾಡಿಕೊಳ್ಳುವ ಬುದ್ಧಿ ಆತನಿಗೆ ಲೆಕ್ಕದ ಮೇಜಿನಿಂದಲೇ ಬಂದಿರಬೇಕು. ನಮ್ಮ ಬೊಂಬೆಗಳಿಗೆ ಜಿಐ ಟ್ಯಾಗ್ ಇದ್ದರೂ ಅಗ್ಗದ ನಕಲು ಪಕ್ಕದಲ್ಲೇ ಮಾರಾಟವಾಗುವುದನ್ನು ನೋಡುವವರಿಗೆ ಈ ಬುದ್ಧಿಯ ಬೆಲೆ ತಿಳಿಯುತ್ತದೆ. ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಾಗುವುದಿಲ್ಲ. ಆತನ ಜಾಹೀರಾತುಗಳೆಲ್ಲ ಹುಡುಗರಿಗಾಗಿ. ಆದರೆ ಕಾರ್ಖಾನೆಯಲ್ಲಿ ಆ ಸೆಟ್ಟುಗಳನ್ನು ಜೋಡಿಸಿ ಡಬ್ಬಿಗೆ ತುಂಬುತ್ತಿದ್ದವರಲ್ಲಿ ಬಹಳ ಮಂದಿ ಹೆಣ್ಣುಮಕ್ಕಳು.

ರೈಲು ಬಂದದ್ದು 1920ರಲ್ಲಿ. ಮೊದಲ ಮಹಾಯುದ್ಧಕ್ಕೆ ಮೊದಲು ಇಂಗ್ಲೆಂಡಿನ ಅಂಗಡಿಗಳಲ್ಲಿ ಜರ್ಮನಿಯ ಆಟದ ರೈಲುಗಳದೇ ಆಳ್ವಿಕೆ. ಯುದ್ಧದ ನಂತರ ಜರ್ಮನ್ ಸರಕು ಜನಕ್ಕೆ ಬೇಡವಾಯಿತು. ಆ ಜಾಗಕ್ಕೆ ಹಾರ್ನ್‌ಬಿ ತಗಡಿನ, ಕೀ ಕೊಟ್ಟರೆ ಓಡುವ ರೈಲು ತಂದ. ಬೋಗಿಗಳನ್ನು ನಟ್ಟು-ಬೋಲ್ಟು ಬಿಚ್ಚಿ ಮತ್ತೆ ಜೋಡಿಸಬಹುದಿತ್ತು. ಹಳೆಯ ಚಾಳಿ ಬಿಟ್ಟಿರಲಿಲ್ಲ. 1925ಕ್ಕೆ ವಿದ್ಯುತ್ ರೈಲೂ ಬಂತು.

ರೈಲು ಕೊಂಡ ಹುಡುಗ ಸುಮ್ಮನಿರುತ್ತಾನೆಯೇ? ನಿಲ್ದಾಣ ಬೇಕು, ನಿಲ್ದಾಣಕ್ಕೆ ಮಾಸ್ತರರು ಬೇಕು, ಪೋರ್ಟರ್, ಗಾರ್ಡ್, ಟಿಕೆಟ್ ಕಲೆಕ್ಟರ್ ಬೇಕು. ಅವರನ್ನು ತಗಡಿನಲ್ಲಿ ಮಡಚಿ ಮಾಡಲಾಗದು. ಇಲ್ಲಿ ಎರಕ ಬೇಕಾಯಿತು. 1930ರ ದಶಕದ ಆರಂಭದಲ್ಲಿ ಮಾಡೆಲ್ಡ್ ಮಿನಿಯೇಚರ್ಸ್ ಎಂಬ ಹೆಸರಿನಲ್ಲಿ ಸೀಸದ ಪುಟ್ಟ ಜನ ಬಂದರು. ಮೊದಲ ಸೆಟ್ಟೇ ನಿಲ್ದಾಣದ ಸಿಬ್ಬಂದಿ. 1933ರ ಡಿಸೆಂಬರಿನಲ್ಲಿ ಅದೇ ಸಾಲಿನಲ್ಲಿ ಆರು ವಾಹನಗಳು ಬಂದವು, ರೈಲಿನ ಪಕ್ಕದ ರಸ್ತೆಗೆ. 1934ರಲ್ಲಿ ಅವುಗಳಿಗೆ ಡಿಂಕಿ ಟಾಯ್ಸ್ ಎಂಬ ಹೆಸರಾಯಿತು. ಇಂದು ಗಾಜಿನ ಬೀರುವಿನಲ್ಲಿಡುವ ಲೋಹದ ಕಾರುಗಳ ಡಬ್ಬಿಯ ಮೇಲೆ 1:43 ಎಂದು ಬರೆದಿರುತ್ತದಲ್ಲ, ಅದು ಬಂದದ್ದು ಕಾರಿನಿಂದಲ್ಲ, ರೈಲಿನಿಂದ. ಇಂಗ್ಲೆಂಡಿನ ಓ ಗೇಜ್ ಮಾದರಿ ರೈಲಿನಲ್ಲಿ ನಿಜವಾದ ಒಂದು ಅಡಿಗೆ 7 ಮಿಲಿಮೀಟರ್. ಭಾಗಿಸಿ ನೋಡಿ, ಸರಿಸುಮಾರು ನಲವತ್ತಮೂರೂವರೆ.

ಸೀಸ ಮೆತ್ತಗಿನ ಲೋಹ, ವಿಷವೂ ಹೌದು. ಹಾಗಾಗಿ ಡಿಂಕಿ ಬೇಗನೆ ಮಜಾಕ್ ಎಂಬ ಮಿಶ್ರಲೋಹಕ್ಕೆ ಹೋಯಿತು. ಸತು ಹೆಚ್ಚುಕಡಿಮೆ 96 ಪಾಲು, ಅಲ್ಯೂಮಿನಿಯಂ 4 ಪಾಲು, ಚೂರು ತಾಮ್ರ ಮತ್ತು ಮೆಗ್ನೀಸಿಯಂ. 390 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಪೂರ್ತಿ ಕರಗುತ್ತದೆ. ಅದನ್ನು ಒತ್ತಡದಲ್ಲಿ ಉಕ್ಕಿನ ಡೈಗೆ ನುಗ್ಗಿಸಿದರೆ ಕೂದಲೆಳೆಯ ಗೆರೆಯೂ ಮೂಡುತ್ತದೆ. ಬೈಕಿನ ಕಾರ್ಬ್ಯುರೇಟರ್, ಬಾಗಿಲ ಚಿಲಕ, ಜಿಪ್ಪಿನ ಎಳೆ ಇವನ್ನೆಲ್ಲ ಇದೇ ದಾರಿಯಲ್ಲಿ ಮಾಡುತ್ತಾರೆ. ಆದರೆ ಸತುವಿಗೆ ಒಂದು ಶಾಪ. ಅದರೊಳಗೆ ಸೀಸವೋ ತವರವೋ ಅತ್ಯಲ್ಪ ಸೇರಿದರೂ ಲೋಹದ ಕಣಗಳ ಗಡಿಯಲ್ಲಿ ಒಳಗೊಳಗೇ ತುಕ್ಕು ಹಿಡಿಯುತ್ತದೆ. ಕೆಲವು ವರ್ಷ ಏನೂ ಕಾಣುವುದಿಲ್ಲ. ಆಮೇಲೆ ಉಬ್ಬುತ್ತದೆ, ಬಿರಿಯುತ್ತದೆ, ಕೊನೆಗೆ ಮುಟ್ಟಿದರೆ ಹಳೆಯ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಸೀಸದ ಎರಕ ಹುಯ್ಯುತ್ತಿದ್ದ ಸೂರಿನಡಿಯಲ್ಲೇ ಸತುವನ್ನೂ ಕರಗಿಸಿದರೆ ಬೆರಕೆಯ ಭಯ ತಪ್ಪಿದ್ದಲ್ಲ. ಯುದ್ಧಕ್ಕೆ ಮುಂಚಿನ ಡಿಂಕಿ ಕಾರು, ಹಾರ್ನ್‌ಬಿ ಗಾಲಿಗಳನ್ನು ಜೋಪಾನ ಮಾಡಿದ ಎಷ್ಟೋ ಸಂಗ್ರಹಕಾರರ ಕೈಯಲ್ಲಿ ಉಳಿದದ್ದು ಪುಡಿ. ಅಷ್ಟು ಲಾಭ ಕಂಡ ಕಾರ್ಖಾನೆಗೂ ಕರಗಿಸುವ ಮಡಕೆಯ ಶುದ್ಧತೆ ದಕ್ಕಲಿಲ್ಲ.

ಹಾರ್ನ್‌ಬಿ ಅದನ್ನು ನೋಡಲು ಉಳಿಯಲಿಲ್ಲ. 1931ರಲ್ಲಿ ಎವರ್ಟನ್ ಕ್ಷೇತ್ರದಿಂದ ಕನ್ಸರ್ವೇಟಿವ್ ಪಕ್ಷದ ಸಂಸದನಾಗಿ ಗೆದ್ದು, 1935ರವರೆಗೆ ಆ ಸ್ಥಾನದಲ್ಲಿದ್ದ. ಹೃದಯದ ಕಾಯಿಲೆ, ಜೊತೆಗೆ ಸಕ್ಕರೆ ಕಾಯಿಲೆ. 1936ರ ಸೆಪ್ಟೆಂಬರ್ 21ರಂದು ತೀರಿಕೊಂಡ. ಕಂಪನಿ ಮಗ ರೋಲಂಡ್ ಕೈಗೆ ಬಂತು. ಎರಡೇ ವರ್ಷದಲ್ಲಿ, 1938ರಲ್ಲಿ, ಹಾರ್ನ್‌ಬಿ ಡಬ್ಲೊ ಎಂಬ ಇನ್ನೂ ಚಿಕ್ಕ ರೈಲು ಬಂತು. ಅದರ ಎಂಜಿನ್ನಿನ ಇಡೀ ಮೈ ಸತುವಿನ ಎರಕ. ತಗಡು ಮಡಚುತ್ತಿದ್ದವನ ಹೆಸರಿನ ರೈಲು ಪೂರ್ತಿ ಎರಕಕ್ಕೆ ಬಂದಾಗ ಆತನೇ ಇರಲಿಲ್ಲ.

1964ರಲ್ಲಿ ಕಂಪನಿ ಬೇರೆಯವರ ಪಾಲಾಯಿತು. 1979ರಲ್ಲಿ ಬಿನ್ಸ್ ರೋಡ್ ಕಾರ್ಖಾನೆ ಬಾಗಿಲು ಹಾಕಿತು. ಡಿಂಕಿಯ ಕೆಲವು ಹಳೆಯ ಡೈಗಳು ಅದಕ್ಕೂ ಮುಂಚೆಯೇ ಕಲ್ಕತ್ತೆಗೆ ಬಂದು, ನಿಕ್ಕಿ ಟಾಯ್ಸ್ ಎಂಬ ಹೆಸರಿನಲ್ಲಿ ನಮ್ಮ ದೇಶದಲ್ಲೇ ಕಾರುಗಳನ್ನು ಹುಯ್ದವು. ಹಾರ್ನ್‌ಬಿ ಹೆಸರಿನ ರೈಲು ಮಾತ್ರ ಬೇರೊಂದು ಕಂಪನಿಯ ಡಬ್ಬಿಯಲ್ಲಿ ಇಂದಿಗೂ ಓಡುತ್ತಿದೆ.

ಉಕ್ಕಿನ ಡೈ ಮಾಡಿಸುವುದು ಲಕ್ಷಗಟ್ಟಲೆ ಕಾಯಿ ಹುಯ್ಯುವವರಿಗೆ ಮಾತ್ರ ಗಿಟ್ಟುವ ಕೆಲಸ. ನೂರು ಬಫರ್, ಐವತ್ತು ದೀಪದ ಕಂಬ ಬೇಕೆನ್ನುವ ಹವ್ಯಾಸಿಗಳಿಗಾಗಿ ಇಂಗ್ಲೆಂಡಿನಲ್ಲಿ ಇಬ್ಬರು ಮೂವರು ನಡೆಸುವ ಪುಟ್ಟ ಎರಕದ ಮನೆಗಳಿವೆ. ಮೊದಲು ಹಿತ್ತಾಳೆಯಲ್ಲೋ 3ಡಿ ಪ್ರಿಂಟರಿನಲ್ಲೋ ಒಂದು ಮೂಲ ಕಾಯಿ. ಲೋಹ ತಣಿದಾಗ ಕುಗ್ಗುತ್ತದೆ, ಹಾಗಾಗಿ ಮೂಲವನ್ನು ಕೊಂಚ ದೊಡ್ಡದಾಗಿ ಮಾಡಬೇಕು. ಎರಡು ಗುಂಡು ರಬ್ಬರ್ ಬಿಲ್ಲೆಗಳ ನಡುವೆ ಮೂಲ ಕಾಯಿಗಳನ್ನು ಇಟ್ಟು ಬಿಸಿಯಲ್ಲಿ ಒತ್ತಿದರೆ ಅಚ್ಚು ಸಿದ್ಧ. ಬಿಲ್ಲೆಯನ್ನು ಗರಗರ ತಿರುಗಿಸುತ್ತಾ ನಡುವಿನ ತೂತಿಗೆ ಕರಗಿದ ತವರದ ಮಿಶ್ರಲೋಹ ಹುಯ್ದರೆ, ಸೆಂಟ್ರಿಫ್ಯೂಗಲ್ ಬಲ ಅದನ್ನು ಅಂಚಿನವರೆಗೂ ತಳ್ಳುತ್ತದೆ. ಒಂದು ಅಚ್ಚಿನಲ್ಲಿ ನೂರಾರು ಸಲ ಹುಯ್ಯಬಹುದು. ಆಮೇಲೆ ಹೊಸದು ಒತ್ತಬೇಕು, ಅಷ್ಟೇ.

ಬಿಡದಿಯ ಕಾರು ಕಾರ್ಖಾನೆಯಲ್ಲಿ ಕೆಲಸ ಸಿಗಲೆಂದು ನಾವೆಲ್ಲ ರೆಸ್ಯೂಮೆ ತಿದ್ದುತ್ತಿದ್ದೇವೆ. ನಾನೂ ಕೂಡ. ಚನ್ನಪಟ್ಟಣದಲ್ಲಿ ಕಣ್ಣಳತೆಯಲ್ಲೇ ಒಂದೇ ಗಾತ್ರದ ಐನೂರು ಗಾಲಿ ಇಳಿಸುವ ಕೈಗಳಿವೆ, ಪೀಣ್ಯದಲ್ಲಿ ಡೈ ಮಾಡುವವರಿದ್ದಾರೆ, ಕಾಲೇಜಿನ ಲ್ಯಾಬಿನಲ್ಲಿ ಎರಕದ ಕುಲುಮೆಯೂ ಇದೆ. ಮರದ ರೈಲಿಗೆ ಲೋಹದ ಆಕ್ಸೆಲ್, ಕೊಂಡಿ, ಬಫರ್ ಹುಯ್ದು ಕೂರಿಸಲು ಎಷ್ಟು ಖರ್ಚಾಗಬಹುದು ಎಂದು ಗೆಳೆಯರಿಬ್ಬರೊಂದಿಗೆ ಲೆಕ್ಕ ಹಾಕುತ್ತಿದ್ದೇವೆ. ಸೀಸವಿಲ್ಲದ ಮಿಶ್ರಲೋಹವೇ ಆಗಬೇಕು, ಮಕ್ಕಳು ಬಾಯಿಗೆ ಹಾಕುತ್ತಾರೆ. ತವರದ ಬೆಲೆಯ ಸಾಲಿಗೆ ಬಂದಾಗಲೆಲ್ಲ ಲೆಕ್ಕ ನಿಲ್ಲುತ್ತದೆ. ಈ ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ಕೂರಬೇಕು.