ಕಾಗದಕ್ಕೊಗ್ಗದ ಕೈಲಾಸಂ

ಕೈಲಾಸಂ ಅವರ ನಾಟಕಗಳನ್ನು ಮೊದಲು ಓದಿ ಆಮೇಲೆ ಕೇಳಿದವರಿಗೂ, ಮೊದಲು ಕೇಳಿ ಆಮೇಲೆ ಓದಿದವರಿಗೂ ದೊರೆಯುವ ಕೈಲಾಸಂ ಒಬ್ಬರೇ ಅಲ್ಲ. ನಾನು ಮೊದಲ ಗುಂಪಿಗೆ ಸೇರಿದವನು. ತೊಗರಿಯ ಹೊಲಗಳ ನಡುವಣ ನಮ್ಮ ಕೊಡ್ಲಿಗೆ ಬೆಂಗಳೂರಿನ ರಂಗಮಂದಿರ ಬಹು ದೂರ. ಪುಸ್ತಕವಲ್ಲದೆ ಬೇರೆ ದಾರಿಯಿರಲಿಲ್ಲ. ಆ ಪುಸ್ತಕವಾದರೂ ಓದಲು ಸುಲಭದ್ದಲ್ಲ. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ನುಂಗಿದ ಸ್ವರಗಳು, ಒಂದರ ಮೇಲೊಂದು ಏರಿ ಕುಳಿತ ಒತ್ತಕ್ಷರಗಳು. ಒಂದು ಸಾಲನ್ನು ಬಿಡಿಸಿ ಓದಿ ಅರ್ಥಮಾಡಿಕೊಳ್ಳುವಷ್ಟರಲ್ಲಿ ನಗು ಆರಿಹೋಗಿರುತ್ತದೆ. ಅದೇ ಮಾತನ್ನು ಪಳಗಿದ ನಟನೊಬ್ಬನ ಬಾಯಿಂದ ಧ್ವನಿಮುದ್ರಣದಲ್ಲಿ ಕೇಳಿದಾಗ ತೊಡಕೆಲ್ಲ ತಾನಾಗಿಯೇ ಸಡಿಲಿತು. ಅಂದಿನಿಂದ ಈ ಮನುಷ್ಯನ ಜೀವನವನ್ನು ನಾನು ಕಿವಿಯ ಕಡೆಯಿಂದಲೇ ನೋಡುತ್ತ ಬಂದಿದ್ದೇನೆ.

ತ್ಯಾಗರಾಜ ಪರಮಶಿವ ಕೈಲಾಸಂ ಹುಟ್ಟಿದ್ದು 1884ರಲ್ಲಿ. ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಋಗ್ವೇದದಲ್ಲಿ ಭೂವಿಜ್ಞಾನವನ್ನು ಹುಡುಕಿ ಗ್ರಂಥ ಬರೆದ, ರಾಮಾಯಣದ ಲಂಕೆ ಎಲ್ಲಿತ್ತೆಂದು ತರ್ಕಿಸಿದ ವಿದ್ವಾಂಸರು. ಅಂಥ ತಂದೆಯ ಮಗನಿಗೆ ವಿದ್ಯೆ ತಪ್ಪುವಂತಿರಲಿಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂವಿಜ್ಞಾನ ಓದಿ, ಲಂಡನ್ನಿಗೆ ಹೋಗಿ ಅದನ್ನೇ ಮುಂದುವರಿಸಿ, 1915ರಲ್ಲಿ ಅವರು ಹಿಂದಿರುಗಿದರು. ಆದರೆ ಲಂಡನ್ನಿನಲ್ಲಿ ಅವರು ಕಲ್ಲನ್ನಷ್ಟೇ ಅಭ್ಯಾಸಮಾಡಲಿಲ್ಲ. ಅಲ್ಲಿಯ ನಾಟಕಶಾಲೆಗಳಲ್ಲಿ ಕಳೆದ ಸಂಜೆಗಳೂ ಅವರ ಪಾಲಿಗೆ ಒಂದು ವಿದ್ಯಾಭ್ಯಾಸವೇ ಆದವು. ಸ್ವದೇಶದಲ್ಲಿ ಸರಕಾರದ ಭೂವಿಜ್ಞಾನ ಇಲಾಖೆ ಸೇರಿದರು. ಕೆಲವೇ ವರ್ಷಗಳಲ್ಲಿ ಕೆಲಸ ಬಿಟ್ಟರು. ಸುಣ್ಣಕಲ್ಲಿನ ನಮ್ಮ ಶಹಾಬಾದ, ವಾಡಿ, ಸೇಡಂ ಸೀಮೆಯಲ್ಲಿ ಭೂವಿಜ್ಞಾನಿಗೆ ಇರುವ ಬೆಲೆಯನ್ನು ಬಲ್ಲ ನನಗೆ ಆ ರಾಜೀನಾಮೆ ಎಷ್ಟು ದುಬಾರಿಯದೆಂದು ಊಹಿಸುವುದು ಕಷ್ಟವಲ್ಲ.

1918ರ ‘ಟೊಳ್ಳುಗಟ್ಟಿ’ಯಿಂದ ಅವರ ಹೆಸರು ಹರಡಿತು. ಓದಿನಲ್ಲಿ ಮುಂದಾದ ಅಣ್ಣ, ಓದಿನಲ್ಲಿ ಹಿಂದುಳಿದರೂ ಮನೆಯವರಿಗೆ ಆಸರೆಯಾಗುವ ತಮ್ಮ. ಇಬ್ಬರಲ್ಲಿ ಟೊಳ್ಳು ಯಾವುದು, ಗಟ್ಟಿ ಯಾವುದು ಎಂಬುದೇ ಅಲ್ಲಿಯ ಪ್ರಶ್ನೆ. ಅಂಕಗಳ ಭೂತ ಹಿಡಿದ ಇಂದಿನ ಮನೆಗಳಲ್ಲಿ ಅದು ಆಗಿಗಿಂತ ಹೆಚ್ಚು ಚುಚ್ಚಬೇಕು. ಅದುವರೆಗೆ ರಾಜರು, ದೇವತೆಗಳು ತುಂಬಿದ್ದ ಕನ್ನಡ ರಂಗದ ಮೇಲೆ ಪಂಚೆ ಉಟ್ಟ ಗುಮಾಸ್ತ, ಕಕ್ಷಿಗಾರರಿಲ್ಲದ ವಕೀಲ, ಗಂಡನನ್ನು ಆಳುವ ಹೆಂಡತಿ, ಶಾಲೆಗೆ ಚಕ್ಕರ್ ಹೊಡೆಯುವ ಹುಡುಗ ಬಂದು ನಿಂತರು. ‘ಬಂಡ್ವಾಳ್ವಿಲ್ಲದ ಬಡಾಯಿ’, ‘ಹೋಂರೂಲು’, ‘ಪೋಲಿಕಿಟ್ಟಿ’, ‘ಅಮ್ಮಾವ್ರ ಗಂಡ’ ಒಂದಾದ ಮೇಲೊಂದರಂತೆ ಬಂದವು. ಕಥೆಯೆಲ್ಲ ಮಾತಿನಲ್ಲಿಯೇ ನಡೆದುಹೋಗುವುದರಿಂದ ಕಣ್ಣು ಮುಚ್ಚಿ ಕೇಳಿದರೂ ನಷ್ಟ ಕಡಿಮೆ. ಆಕಾಶವಾಣಿಯವರಿಗೂ ಧ್ವನಿಸುರುಳಿಯವರಿಗೂ ಕೈಲಾಸಂ ಒಗ್ಗಿದ್ದರ ಗುಟ್ಟು ಇದೇ ಎಂದು ನನ್ನ ಎಣಿಕೆ.

ಬಂದವು ಎಂದೆನೇ ಹೊರತು ಬರೆದರು ಎನ್ನಲಿಲ್ಲ. ಕೈಲಾಸಂ ಲೇಖನಿ ಹಿಡಿದು ಕುಳಿತು ಬರೆಯುವ ಜಾತಿಯವರಲ್ಲ. ಅಸ್ತವ್ಯಸ್ತವಾದ ತಮ್ಮ ಕೋಣೆಯಲ್ಲಿ, ಸಿಗರೇಟಿನ ಹೊಗೆಯ ನಡುವೆ, ಗೆಳೆಯರನ್ನು ಕೂರಿಸಿಕೊಂಡು ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸುತ್ತಿದ್ದರು. ನಾಟಕ ಮೊದಲು ಬಾಯಲ್ಲಿ ಹುಟ್ಟಿ, ಬಹುಕಾಲ ಬಾಯಲ್ಲೇ ಬೆಳೆಯುತ್ತಿತ್ತು. ಬಿ. ಎಸ್. ರಾಮರಾವ್ ಅವರಂಥ ಆಪ್ತರು ಕಾದು ಕುಳಿತು ಬರೆದುಕೊಂಡದ್ದರಿಂದ ನಮಗೆ ಇಷ್ಟಾದರೂ ಉಳಿಯಿತು. ಹಾಡುಗಳೂ ಹೀಗೆಯೇ. ಕಾನ್‌ಸ್ಟಾಂಟಿನೋಪಲ್ ಎಂಬ ಊರಿನ ಹೆಸರನ್ನು ಅಕ್ಷರಬಿಡಿಸಿ ಹಾಡುವ ಇಂಗ್ಲಿಷ್ ಗೀತೆಯ ಮಟ್ಟಿನಿಂದ ‘ಕೋಳೀಕೆ ರಂಗ’ ಎದ್ದುಬಂದ. ಮಹಾಯುದ್ಧದ ಸೈನಿಕರು ಹಾಡುತ್ತಿದ್ದ ಟಿಪ್ಪರೆರಿ ನಮ್ಮ ತಿಪ್ಪಾರಳ್ಳಿಯಾಯಿತು. ಇವನ್ನು ಅಚ್ಚಿನಲ್ಲಿ ಓದುವುದೆಂದರೆ ಜಾತ್ರೆಯ ವರದಿ ಓದಿದಂತೆ.

ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಇದರಲ್ಲಿ ಬೇರೊಂದು ತೊಡಕುಂಟು. ಕೈಲಾಸಂ ಹಿಡಿದದ್ದು ಹಳೆಯ ಬೆಂಗಳೂರಿನ ಮಧ್ಯಮವರ್ಗದ, ಹೆಚ್ಚಾಗಿ ಬ್ರಾಹ್ಮಣರ ಮನೆಮಾತು. ಕಲಬುರಗಿ ಕನ್ನಡದ ಕಿವಿಗೆ ಅದು ಪರಸ್ಥಳದ್ದು. ಆದರೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಕಚೇರಿಯ ಉರ್ದುವನ್ನು ಮನೆಯ ಮಾತಿಗೆ ಬೆರೆಸಿ ದೊಡ್ಡಸ್ತಿಕೆ ಮೆರೆಯುವವರು ಇರಲಿಲ್ಲವೇ? ಬೆಂಗಳೂರಿನಲ್ಲಿ ಇಂಗ್ಲಿಷು ಮಾಡಿದ ಕೆಲಸವನ್ನೇ ಇಲ್ಲಿ ಇನ್ನೊಂದು ಭಾಷೆ ಮಾಡಿತು. ಇಷ್ಟನ್ನು ಹೇಳಿ ಧ್ವನಿಮುದ್ರಣ ಹಾಕಿದರೆ ಹುಡುಗರಿಗೆ ಪಾತ್ರದ ಗುರುತು ಸಿಕ್ಕಿಬಿಡುತ್ತದೆ. ಒಂದೊಂದು ಇಂಗ್ಲಿಷ್ ಪದಕ್ಕೆ ಅರ್ಥ ಬರೆಸುತ್ತ ಕೂರುವ ಗೋಜಿಲ್ಲ.

ಆದರೆ ಧ್ವನಿಮುದ್ರಣಗಳ ಮೇಲೆ ನನ್ನದೊಂದು ದೂರೂ ಉಂಟು. ನಗಿಸುವ ಕೈಲಾಸಂ ಅವುಗಳಲ್ಲಿ ಧಾರಾಳ. ಅಳಿಸುವ ಕೈಲಾಸಂ ವಿರಳ. ಮದುವೆಯಾಗದ ಮಗಳನ್ನು ಮನೆಯಲ್ಲಿಟ್ಟುಕೊಂಡ ಕುಟುಂಬವನ್ನು ಜಾತಿಯವರು ಹೊರಗಿಡುವ ‘ಬಹಿಷ್ಕಾರ’, ಸಮಾಜ ಬಾಗಿಲು ಮುಚ್ಚಿದ ಹೆಣ್ಣನ್ನು ಎದುರಿಗೆ ನಿಲ್ಲಿಸುವ ‘ಸೂಳೆ’ ಬಡಾಯಿಯ ವಕೀಲನಷ್ಟು ಸುಲಭವಾಗಿ ಕಿವಿಗೆ ಬೀಳವು. ಇಂಗ್ಲಿಷಿನಲ್ಲಿ ಅವರು ಬರೆಸಿದ ಕರ್ಣ, ಏಕಲವ್ಯ, ಕೀಚಕರ ನಾಟಕಗಳಂತೂ ಬಹುಮಟ್ಟಿಗೆ ಗ್ರಂಥಾಲಯದ ಕಪಾಟಿನಲ್ಲಿಯೇ ಉಳಿದಿವೆ. ಮಹಾಭಾರತದ ಗಂಭೀರರಿಗೆ ಇಂಗ್ಲಿಷನ್ನೂ ಅಡುಗೆಮನೆಯ ಜಗಳಕ್ಕೆ ಕನ್ನಡವನ್ನೂ ಕೊಟ್ಟ ಈ ಹಂಚಿಕೆಯನ್ನು ಕುರಿತು ಮೂಗು ಮುರಿದವರುಂಟು. ಎರಡನ್ನೂ ಓದಿದರೆ ಸೋತವರ ಕಡೆಗೆ ವಾಲುವ ಮನಸ್ಸು ಎರಡರಲ್ಲಿಯೂ ಒಂದೇ ಎಂದು ನನಗೆ ತೋರುತ್ತದೆ. ಸಿ. ಆರ್. ಸಿಂಹ ಅವರು ‘ಟಿಪಿಕಲ್ ಟಿ. ಪಿ. ಕೈಲಾಸಂ’ನಲ್ಲಿ ಏಕಾಂಗಿಯಾಗಿ ನಿಂತು ಆ ಮನುಷ್ಯನನ್ನೇ ಮರಳಿ ರಂಗಕ್ಕೆ ತಂದಾಗ, ನಗುವಿನ ಹಿಂದಿನ ಆ ವ್ಯಥೆಗೂ ಧ್ವನಿ ದೊರೆಯಿತು.

ವ್ಯಥೆ ಅವರ ಬಾಳಿನಲ್ಲಿಯೂ ಕಡಿಮೆಯಿರಲಿಲ್ಲ. ಸಂಸಾರ ದೂರವಾಯಿತು, ಮದ್ಯ ಹತ್ತಿರವಾಯಿತು. ಕುಸ್ತಿ, ಕಾಲ್ಚೆಂಡುಗಳಲ್ಲಿ ಪಳಗಿದ ದೇಹ ಸೊರಗಿತು. ಕನ್ನಡವನ್ನು ಕೆಡಿಸಿದರೆಂಬ ಅಪವಾದ ಹೊತ್ತವರನ್ನೇ 1945ರಲ್ಲಿ ಮದರಾಸಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠಕ್ಕೆ ಕರೆದದ್ದು ಕನ್ನಡಿಗರ ದೊಡ್ಡತನ. ಮರುವರ್ಷವೇ, 1946ರ ನವೆಂಬರಿನಲ್ಲಿ, ಅವರು ತೀರಿಕೊಂಡರು. ಗೆಳೆಯರ ಮುಂದೆ ರಾತ್ರಿಯೆಲ್ಲ ಆಡಿ ತೋರಿಸಿದ್ದು, ಬರೆದುಕೊಳ್ಳಲು ಯಾರೂ ಇಲ್ಲದ ಹೊತ್ತಿನಲ್ಲಿ ಹೇಳಿ ಮರೆತದ್ದು, ನಾಳೆ ಬರೆಸುತ್ತೇನೆಂದು ಮುಂದೂಡಿದ್ದು, ಇವೆಲ್ಲ ಅವರೊಂದಿಗೇ ಹೋದವು.