ಹುಳುಗಳೊಂದಿಗೆ ಐವತ್ತು ವರ್ಷ: ಮರಿಯಾ ಸಿಬಿಲ್ಲಾ ಮೆರಿಯನ್

ಬೋಧನಾಭ್ಯಾಸದ ಅವಧಿಯಲ್ಲಿ ಪ್ರತಿ ವರ್ಷವೂ ಚಿಟ್ಟೆಯ ಜೀವನಚಕ್ರದ ಪಾಠವನ್ನು ನಾನು ಹಲವು ಬಾರಿ ವೀಕ್ಷಿಸುತ್ತೇನೆ. ಚಾರ್ಟಿನಲ್ಲಿ ಮೊಟ್ಟೆ, ಕಂಬಳಿಹುಳು, ಕೋಶ, ಚಿಟ್ಟೆ ಎಂದು ನಾಲ್ಕು ಚಿತ್ರಗಳು. ಅವುಗಳ ನಡುವೆ ಬಾಣದ ಗುರುತುಗಳು. ನಲವತ್ತು ನಿಮಿಷದಲ್ಲಿ ಪಾಠ ಮುಗಿಯುತ್ತದೆ. ಮೌಲ್ಯಮಾಪನದ ಪ್ರಶ್ನೆಗಳಿಗೆ ಮಕ್ಕಳು ಸರಿಯಾಗಿಯೇ ಉತ್ತರಿಸುತ್ತಾರೆ. ಆದರೆ ಬಾಣದ ಗುರುತು ಇರುವ ಜಾಗದಲ್ಲಿ ನಿಜವಾಗಿ ನಡೆಯುವುದನ್ನು ಕಣ್ಣಾರೆ ಕಂಡವರು ಆ ಕೋಣೆಯಲ್ಲಿ ಬಹುಮಟ್ಟಿಗೆ ಯಾರೂ ಇರುವುದಿಲ್ಲ, ಪಾಠ ಮಾಡುವವರೂ ಸೇರಿದಂತೆ. ಆದ್ದರಿಂದ ಈ ಘಟಕಕ್ಕೆ ಪಾಠಯೋಜನೆ ಬರೆಯುವ ಮುನ್ನ ಪ್ರಶಿಕ್ಷಣಾರ್ಥಿಗಳಿಗೆ ನಾನು ಒಬ್ಬ ಹೆಣ್ಣುಮಗಳ ಬದುಕನ್ನು ಹೇಳುತ್ತೇನೆ.

ಮರಿಯಾ ಸಿಬಿಲ್ಲಾ ಮೆರಿಯನ್ ಹುಟ್ಟಿದ್ದು 1647ರ ಏಪ್ರಿಲ್ 2ರಂದು, ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ. ತಂದೆ ಹೆಸರಾಂತ ತಾಮ್ರಫಲಕ ಕೆತ್ತನೆಗಾರ, ಪುಸ್ತಕ ಪ್ರಕಾಶಕ. ಮಗುವಿಗೆ ಮೂರು ವರ್ಷವಾದಾಗ ಅವರು ತೀರಿಕೊಂಡರು. ತಾಯಿ ಮರುಮದುವೆಯಾದದ್ದು ಯಾಕೋಬ್ ಮಾರೆಲ್ ಎಂಬ ಹೂಚಿತ್ರ ಕಲಾವಿದನನ್ನು. ಹುಡುಗಿ ಬಣ್ಣ ಅರೆಯುವುದನ್ನೂ ಕುಂಚ ಹಿಡಿಯುವುದನ್ನೂ ಮಲತಂದೆಯ ಬಳಿ ಕಲಿತಳು.

ಹದಿಮೂರನೆಯ ವಯಸ್ಸಿನಲ್ಲಿ, ಅಂದರೆ 1660ರಲ್ಲಿ, ಅವಳು ರೇಷ್ಮೆ ಹುಳುಗಳನ್ನು ಸಾಕಿದಳು. ಇಲ್ಲಿ ನಾನು ನಿಲ್ಲಿಸಿ, ರಾಮನಗರ, ಶಿಡ್ಲಘಟ್ಟದ ಕಡೆಯಿಂದ ಬಂದ ಪ್ರಶಿಕ್ಷಣಾರ್ಥಿಗಳನ್ನು ಮಾತನಾಡಿಸುತ್ತೇನೆ. ಹುಳು ನಾಲ್ಕು ಬಾರಿ ಜ್ವರಕ್ಕೆ ಹೋಗುವುದು, ಎದ್ದ ಮೇಲೆ ಮತ್ತೆ ಸೊಪ್ಪು ಮೇಯುವುದು, ಕೊನೆಗೆ ಹಣ್ಣಾಗಿ ಚಂದ್ರಿಕೆಗೆ ಏರುವುದು ಅವರಿಗೆ ಮನೆಯ ಕೆಲಸ. ಫ್ರಾಂಕ್‌ಫರ್ಟಿನ ಹುಡುಗಿ ನೋಡಿದ್ದೂ ಇದನ್ನೇ. ರೇಷ್ಮೆ ಹುಳು ಹೀಗೆ ಬದಲಾಗುವುದಾದರೆ ತೋಟದ ಬೇರೆ ಹುಳುಗಳೂ ಬದಲಾಗುತ್ತವೆಯೇ ಎಂಬುದು ಅವಳಿಗೆ ಬಂದ ಪ್ರಶ್ನೆ. ಉತ್ತರಕ್ಕಾಗಿ ಸಿಕ್ಕ ಸಿಕ್ಕ ಹುಳುಗಳನ್ನೆಲ್ಲ ಮನೆಗೆ ತಂದು ಸಾಕತೊಡಗಿದಳು.

ಆ ಕಾಲದಲ್ಲಿ ಹುಳುಗಳು ಕೆಸರು, ಕೊಳೆತ ಪದಾರ್ಥಗಳಿಂದ ತಾವಾಗಿ ಹುಟ್ಟುತ್ತವೆ ಎಂದು ವಿದ್ಯಾವಂತರಲ್ಲೂ ಬಹಳ ಮಂದಿ ನಂಬಿದ್ದರು. ನೊಣ ಮೊಟ್ಟೆ ಇಡದಂತೆ ಮಾಂಸವನ್ನು ಮುಚ್ಚಿಟ್ಟರೆ ಅದರಲ್ಲಿ ಹುಳು ಹುಟ್ಟುವುದಿಲ್ಲವೆಂದು ಇಟಲಿಯ ಫ್ರಾನ್ಸೆಸ್ಕೊ ರೆಡಿ ತೋರಿಸಿದ್ದು 1668ರಲ್ಲಿ. ಆ ವೇಳೆಗೆ ಮೆರಿಯನ್ ಎಂಟು ವರ್ಷಗಳಿಂದ ಹುಳು ಸಾಕುತ್ತಿದ್ದಳು.

1665ರಲ್ಲಿ ಚಿತ್ರಕಾರ ಯೋಹಾನ್ ಆಂಡ್ರಿಯಾಸ್ ಗ್ರಾಫ್ ಜೊತೆ ಮದುವೆಯಾಯಿತು. ಮುಂದೆ ಸಂಸಾರ ನ್ಯೂರೆಂಬರ್ಗಿಗೆ ಬಂತು. ಅಲ್ಲಿ ಆಕೆ ಹೆಣ್ಣುಮಕ್ಕಳಿಗೆ ಚಿತ್ರಕಲೆ, ಕಸೂತಿ ಕಲಿಸಿದರು. ಹೀಗೆ ಅವರೂ ನಮ್ಮ ವೃತ್ತಿಯವರೇ. ಇಬ್ಬರು ಹೆಣ್ಣುಮಕ್ಕಳ ತಾಯಿಯಾದರು. ಈ ಎಲ್ಲದರ ನಡುವೆ ಹುಳುಗಳ ಪೆಟ್ಟಿಗೆಗಳು ಮನೆಯಲ್ಲಿ ಇದ್ದೇ ಇದ್ದವು.

ಅವರ ವಿಧಾನವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕು. ಹುಳು ಯಾವ ಗಿಡದ ಮೇಲೆ ಸಿಕ್ಕಿತೋ ಅದೇ ಗಿಡದ ಎಲೆಯನ್ನು ದಿನವೂ ತಂದು ಹಾಕುವುದು. ಬಹಳಷ್ಟು ಹುಳುಗಳು ಒಂದೆರಡು ಜಾತಿಯ ಗಿಡಗಳನ್ನು ಬಿಟ್ಟರೆ ಬೇರೆ ಯಾವುದನ್ನೂ ತಿನ್ನುವುದಿಲ್ಲ, ಎಲೆ ಸಿಗದಿದ್ದರೆ ಸಾಯುತ್ತವೆ ಎಂಬುದನ್ನು ಅವರು ಸಾಕಿಯೇ ತಿಳಿದರು. ಹುಳು ಎಂದು ಕೋಶವಾಯಿತು, ಎಂದು ರೆಕ್ಕೆ ಬಂತು ಎಂಬುದನ್ನು ಬರೆದಿಟ್ಟು, ಪ್ರತಿ ಹಂತವನ್ನೂ ಚಿತ್ರಿಸಿದರು. 1679ರಲ್ಲಿ ಹುಳುಗಳ ಪುಸ್ತಕದ ಮೊದಲ ಭಾಗ 50 ಚಿತ್ರಫಲಕಗಳೊಂದಿಗೆ ಹೊರಬಂತು. 1683ರಲ್ಲಿ ಎರಡನೆಯ ಭಾಗ. ಬರೆದದ್ದು ಪಂಡಿತರ ಲ್ಯಾಟಿನ್‌ನಲ್ಲಲ್ಲ, ಜನರ ಜರ್ಮನ್ ಭಾಷೆಯಲ್ಲಿ. ಒಂದೇ ಫಲಕದಲ್ಲಿ ಆಹಾರದ ಗಿಡ, ಅದರ ಮೇಲೆ ಹುಳು, ಕೋಶ, ಚಿಟ್ಟೆ ಅಥವಾ ಪತಂಗ, ಸಿಕ್ಕಿದ್ದರೆ ಮೊಟ್ಟೆಯೂ. ಇಂದಿನ ನಮ್ಮ ಚಾರ್ಟಿನಲ್ಲಿ ಹಂತಗಳು ಉಳಿದಿವೆ, ಗಿಡ ಮಾತ್ರ ಕಾಣೆಯಾಗಿದೆ.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ. ಕೆಲವು ಬಾರಿ ವಾರಗಟ್ಟಲೆ ಸಾಕಿದ ಹುಳುವಿನಿಂದ ಚಿಟ್ಟೆ ಬರದೆ ಸಣ್ಣ ನೊಣಗಳೋ ಕಣಜದಂಥ ಕೀಟಗಳೋ ಹೊರಬಂದವು. ಪರಾವಲಂಬಿ ಕೀಟಗಳು ಹುಳುವಿನ ಮೈಯಲ್ಲಿ ಮೊಟ್ಟೆ ಇಟ್ಟು, ಮರಿಗಳು ಅದನ್ನು ಒಳಗಿನಿಂದ ತಿಂದು ಬೆಳೆಯುತ್ತವೆ ಎಂದು ಇಂದು ನಮಗೆ ಗೊತ್ತು. ಮೆರಿಯನ್ನರಿಗೆ ಈ ವಿವರಣೆ ಇರಲಿಲ್ಲ. ಆದರೂ ಆ ಪೆಟ್ಟಿಗೆಯನ್ನು ಅವರು ಎಸೆಯಲಿಲ್ಲ. ಬಂದದ್ದನ್ನು ಬಂದ ಹಾಗೆಯೇ ಬರೆದರು, ಚಿತ್ರಿಸಿದರು. ಆ ದಾಖಲೆಗೆ ಬೆಲೆ ಇರುವುದು ಆ ಕಾರಣಕ್ಕೇ.

ಮುಂದೆ ಗಂಡನಿಂದ ಬೇರೆಯಾಗಿ, ತಾಯಿ ಮತ್ತು ಮಕ್ಕಳೊಂದಿಗೆ ಫ್ರೀಸ್‌ಲ್ಯಾಂಡಿನ ಒಂದು ಧಾರ್ಮಿಕ ಸಮುದಾಯದಲ್ಲಿ ಕೆಲವು ವರ್ಷ ಕಳೆದರು. 1691ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ಬಂದರು. ಅಲ್ಲಿನ ಶ್ರೀಮಂತರ ಸಂಗ್ರಹಗಳಲ್ಲಿ ದೂರದೇಶದ ಚಿಟ್ಟೆಗಳು ಸೂಜಿಗೆ ಚುಚ್ಚಿ ಸಾಲಾಗಿದ್ದವು. ಅವು ಯಾವ ಹುಳುವಿನಿಂದ ಬಂದವು, ಏನು ತಿಂದು ಬೆಳೆದವು ಎಂಬುದು ಆ ಸಂಗ್ರಹಗಳಿಂದ ತಿಳಿಯುತ್ತಿರಲಿಲ್ಲ. ಅದನ್ನು ತಿಳಿಯಲು ಅವರು ತಮ್ಮ ಚಿತ್ರಗಳನ್ನು ಮಾರಿ ಹಣ ಕೂಡಿಸಿದರು. 1699ರಲ್ಲಿ, 52ನೆಯ ವಯಸ್ಸಿನಲ್ಲಿ, ಕಿರಿಯ ಮಗಳು ಡೊರೊಥಿಯಾಳನ್ನು ಕರೆದುಕೊಂಡು ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದರು.

ಸುರಿನಾಮ್ ಡಚ್ಚರ ವಸಾಹತು. ಆಫ್ರಿಕದಿಂದ ತಂದ ಗುಲಾಮರ ದುಡಿಮೆಯಿಂದ ಅಲ್ಲಿನ ಕಬ್ಬಿನ ತೋಟಗಳು ನಡೆಯುತ್ತಿದ್ದವು. ಸಕ್ಕರೆ ಬಿಟ್ಟು ಬೇರೇನನ್ನೋ ಹುಡುಕಿ ಬಂದ ಹೆಂಗಸನ್ನು ಕಂಡು ತೋಟದ ಒಡೆಯರು ನಕ್ಕರು. ಕಾಡಿನಲ್ಲಿ ದಾರಿ ಕಡಿದುಕೊಟ್ಟವರು, ಹುಳು ತಂದುಕೊಟ್ಟವರು, ಗಿಡಗಳ ಉಪಯೋಗ ಹೇಳಿಕೊಟ್ಟವರು ಗುಲಾಮರು ಮತ್ತು ಅಲ್ಲಿನ ಮೂಲನಿವಾಸಿಗಳು. ನಮ್ಮ ಶಾಲಾ ತೋಟಗಳಲ್ಲೂ ಬೆಳೆಯುವ ರತ್ನಗಂಧಿ ಗಿಡದ ಬೀಜವನ್ನು ಗುಲಾಮ ಹೆಂಗಸರು ಗರ್ಭ ಕಳೆದುಕೊಳ್ಳಲು ಬಳಸುತ್ತಿದ್ದರು. ಹುಟ್ಟುವ ಮಗು ಗುಲಾಮನಾಗಬಾರದೆಂಬುದು ಅವರ ಕಾರಣ. ಅವರೇ ಹೇಳಿದ ಈ ಮಾತನ್ನು ಮೆರಿಯನ್ ಆ ಗಿಡದ ಚಿತ್ರದ ಜೊತೆಗೇ ದಾಖಲಿಸಿದರು. ಆದರೆ ಹೇಳಿದವರ ಹೆಸರುಗಳನ್ನು ಬರೆಯಲಿಲ್ಲ. ಮತ್ತೊಬ್ಬರಿಂದ ಕಲಿತು ಪಾಠ ಹೇಳುವ ನಾವು ಈ ಎರಡನ್ನೂ ನೆನಪಿಡಬೇಕು.

ಕಾಯಿಲೆಯಿಂದಾಗಿ 1701ರಲ್ಲಿ ಅವರು ಹಿಂದಿರುಗಬೇಕಾಯಿತು. 1705ರಲ್ಲಿ ಸುರಿನಾಮಿನ ಕೀಟಗಳ ರೂಪಾಂತರದ ಪುಸ್ತಕ 60 ಫಲಕಗಳಲ್ಲಿ ಪ್ರಕಟವಾಯಿತು. ಮುಂದೆ ಲಿನೇಯಸ್ ಹಲವು ಜೀವಿಗಳಿಗೆ ಹೆಸರಿಡುವಾಗ ಆ ಚಿತ್ರಗಳನ್ನು ಆಧರಿಸಿದ. ಅದರಲ್ಲಿ ತಪ್ಪುಗಳೂ ಇದ್ದವು. ಆದರೆ ಜೇಡವೊಂದು ಹಕ್ಕಿಯನ್ನು ಹಿಡಿದ ಚಿತ್ರವನ್ನು ಕಟ್ಟುಕತೆಯೆಂದು ಹಳಿದವರಿಗೆ, ಅಮೆಜಾನ್ ಕಾಡಿನಲ್ಲಿ ಅಂಥದ್ದನ್ನೇ ಕಂಡ ಹೆನ್ರಿ ಬೇಟ್ಸ್ 1863ರ ತನ್ನ ಪುಸ್ತಕದಲ್ಲಿ ಉತ್ತರ ಕೊಟ್ಟ. 1717ರ ಜನವರಿ 13ರಂದು ಮೆರಿಯನ್ ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಹುಳುಗಳ ಪುಸ್ತಕದ ಮೂರನೆಯ ಭಾಗವನ್ನು ಮಗಳು ಡೊರೊಥಿಯಾ ಹೊರತಂದಳು.

ಈ ಬದುಕನ್ನು ಹೇಳಿದ ಮೇಲೆ ಪ್ರಶಿಕ್ಷಣಾರ್ಥಿಗಳನ್ನು ಕರಿಬೇವಿನ ಗಿಡದ ಬಳಿಗೆ ಕಳುಹಿಸುತ್ತೇನೆ. ನಿಂಬೆ ಚಿಟ್ಟೆ ಅದರ ಎಳೆಯ ಎಲೆಗಳ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು, ಬೆಳೆದಂತೆ ಹಸಿರಾಗುತ್ತದೆ. ಗಾಳಿಯಾಡುವ ಬಟ್ಟೆ ಕಟ್ಟಿದ ಅಗಲ ಬಾಯಿಯ ಡಬ್ಬಿ, ಔಷಧಿ ಹೊಡೆಯದ ಗಿಡದ ತಾಜಾ ಎಲೆ, ದಿನವೂ ಹಿಕ್ಕೆ ತೆಗೆದು ಚೊಕ್ಕಟ ಮಾಡುವುದು, ಕೋಶ ಕಟ್ಟಲು ಓರೆಯಾಗಿ ಇಟ್ಟ ಕಡ್ಡಿ: ಇಷ್ಟು ಸಾಕು. ಹೊರಬಂದ ಚಿಟ್ಟೆಗೆ ರೆಕ್ಕೆ ಇಳಿಬಿಟ್ಟು ಒಣಗಿಸಲು ಜಾಗ ಬೇಕು. ಇಲ್ಲದಿದ್ದರೆ ರೆಕ್ಕೆ ಮುದುಡಿಯೇ ಉಳಿಯುತ್ತದೆ. ಒಣಗಿದ ಮೇಲೆ ಮಕ್ಕಳ ಎದುರಿನಲ್ಲೇ ಹೊರಗೆ ಬಿಡಬೇಕು. ಮೈತುಂಬ ರೋಮವಿರುವ ಹುಳುಗಳನ್ನು ಮಕ್ಕಳು ಮುಟ್ಟದಂತೆ ಮೊದಲೇ ಎಚ್ಚರಿಸಬೇಕು.

ನಲವತ್ತು ನಿಮಿಷದ ಅವಧಿಗೆ ಇದು ಹೊಂದುವುದಿಲ್ಲ ಎಂಬ ಆಕ್ಷೇಪ ಬರುತ್ತದೆ. ಹೊಂದುವುದಿಲ್ಲ ನಿಜ. ಆದ್ದರಿಂದ ಶಾಲೆಗೆ ಹೋದ ಮೊದಲ ದಿನವೇ ಡಬ್ಬಿಯನ್ನು ಕಿಟಕಿಯ ಬಳಿ ಇಟ್ಟು, ದಿನಕ್ಕೆ ಐದು ನಿಮಿಷದಂತೆ ಮಕ್ಕಳಿಂದಲೇ ದಿನಾಂಕ ಹಾಕಿ ಬರೆಸಿ, ಚಾರ್ಟಿನ ಪಾಠವನ್ನು ಕೊನೆಗೆ ಇಟ್ಟುಕೊಳ್ಳಿ ಎನ್ನುತ್ತೇನೆ. ಆಗ ಬಾಣದ ಗುರುತುಗಳ ಮೇಲೆ ದಿನಗಳ ಲೆಕ್ಕವನ್ನು ಮಕ್ಕಳೇ ಬರೆಯುತ್ತಾರೆ.

ಕೋಶದಿಂದ ಚಿಟ್ಟೆ ಬರದೆ ಕೀಟ ಬಂದರೆ, ಅಥವಾ ಹುಳು ಸತ್ತರೆ, ವೀಕ್ಷಣೆಗೆ ಬರುವ ದಿನ ಅಂಕ ಕಡಿಮೆಯಾದೀತೆಂದು ಪ್ರಶಿಕ್ಷಣಾರ್ಥಿಗಳು ಹೆದರುತ್ತಾರೆ. ಯಾರಿಗೂ ಕಾಣದಂತೆ ಡಬ್ಬಿಯನ್ನು ತೆಗೆದಿಡುವ ಆಸೆಯಾಗುವುದು ಆಗಲೇ. ಹಾಗೆ ತೆಗೆದಿಟ್ಟರೆ ಮಕ್ಕಳು ಕಲಿಯುವುದು ಪುಸ್ತಕದಲ್ಲಿರುವಂತೆ ನಡೆದರೆ ಮಾತ್ರ ವಿಜ್ಞಾನ ಎಂದು. ನನ್ನ ವೀಕ್ಷಣಾ ಪುಸ್ತಕದಲ್ಲಿ ಚಿಟ್ಟೆ ಬಂದದ್ದಕ್ಕೆ ಅಂಕವಿಲ್ಲ. ಬಂದದ್ದನ್ನು ಬಂದ ಹಾಗೆ ಮಕ್ಕಳಿಂದ ಬರೆಸಿದ್ದಕ್ಕೆ ಇದೆ.