ಬಾನುಲಿಯ ಹಾಡು, ಬೇಸಗೆಯ ಪಂದ್ಯ

ನಮ್ಮ ಕೂಟದ ಎಳೆಯ ಓದುಗರೇ, ಒಂದು ಹಾಡನ್ನು ಕೇಳಬೇಕೆಂದು ಮನಸ್ಸಾದ ಕ್ಷಣದಲ್ಲಿಯೇ ನೀವು ಅದನ್ನು ಕೇಳಬಲ್ಲಿರಿ. ನಡುವೆ ನಿಲ್ಲಿಸಬಲ್ಲಿರಿ, ಮೆಚ್ಚಿದ ಚರಣವನ್ನು ಮತ್ತೆ ಮತ್ತೆ ಹಾಡಿಸಬಲ್ಲಿರಿ. ನಿಮ್ಮ ಅಜ್ಜ ಅಜ್ಜಿಯರ ಬಾಲ್ಯದಲ್ಲಿ ಇಂತಹ ಅನುಕೂಲವಿರಲಿಲ್ಲ. ಯಾವ ಹಾಡು ಯಾವ ಹೊತ್ತಿಗೆ ಬರಬೇಕೆಂಬುದನ್ನು ದೂರದ ಊರಿನ ಬಾನುಲಿ ಕೇಂದ್ರದವರು ನಿರ್ಧರಿಸುತ್ತಿದ್ದರು. ಬಂದ ಹಾಡು ಮೂರು ನಾಲ್ಕು ನಿಮಿಷಗಳಲ್ಲಿ ಮುಗಿದುಹೋದ ಮೇಲೆ ಅದನ್ನು ಹಿಂದಕ್ಕೆ ಕರೆಯುವ ಉಪಾಯ ಯಾರ ಕೈಯಲ್ಲಿಯೂ ಇರಲಿಲ್ಲ. ಆದುದರಿಂದ ಕೇಳುವವರು ಇದ್ದ ಮನಸ್ಸನ್ನೆಲ್ಲ ಕಿವಿಗೆ ತಂದು ಕೇಳುತ್ತಿದ್ದರು. ಆ ಏಕಾಗ್ರತೆಯಿಂದ ಹುಟ್ಟಿ, ಬೇಸಗೆಯ ರಜೆಯಲ್ಲಿ ಮನೆಮನೆಯ ಮಕ್ಕಳನ್ನು ಒಂದೆಡೆ ಕೂಡಿಸಿದ ಒಂದು ಸ್ನೇಹದ ಸ್ಪರ್ಧೆಯನ್ನು ನಿಮಗೆ ಪರಿಚಯ ಮಾಡಿಕೊಡಬೇಕೆಂಬುದು ಈ ಲೇಖನದ ಉದ್ದೇಶ.

ಬಾನುಲಿಯ ಹಾಡನ್ನು ಕೇಳಿ ಪಂದ್ಯ ಕಟ್ಟುವ ಈ ವಿನೋದಕ್ಕೆ ಭಾರತದಲ್ಲಿ ದೊಡ್ಡ ಪ್ರಚಾರ ಬಂದದ್ದು ನೆರೆಯ ಸಿಂಹಳದ್ವೀಪದ (ಇಂದಿನ ಶ್ರೀಲಂಕಾದ) ಮೂಲಕ. 1952ರಲ್ಲಿ ಭಾರತ ಸರ್ಕಾರದ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಪರಮ ಪಕ್ಷಪಾತಿಗಳು. ಚಲನಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು. ಸರ್ಕಾರದ ಬಾನುಲಿಯಲ್ಲಿ ಅಂತಹ ಗೀತೆಗಳು ವಿರಳವಾದವು. ಆದರೆ ಜನರ ಹಂಬಲ ವಿರಳವಾಗಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಸ್ಥಾಪಿತವಾಗಿದ್ದ ಪ್ರಬಲವಾದ ಹ್ರಸ್ವತರಂಗದ (ಶಾರ್ಟ್‌ವೇವ್) ಪ್ರಸಾರಯಂತ್ರವೊಂದು ಯುದ್ಧಾನಂತರ ಕೊಲಂಬೊದ ರೇಡಿಯೊ ಸಿಲೋನ್ ಸಂಸ್ಥೆಯ ವಶಕ್ಕೆ ಬಂದಿತ್ತು. ಹ್ರಸ್ವತರಂಗಗಳು ಮೇಲಿನ ವಾಯುಮಂಡಲಕ್ಕೆ ತಾಗಿ ಪ್ರತಿಫಲಿಸಿ ಸಮುದ್ರಗಳನ್ನೂ ದಾಟಬಲ್ಲವು. ಹೀಗಾಗಿ ಭಾರತದ ಶ್ರೋತೃಗಳು ರೇಡಿಯೊದ ಮುಳ್ಳನ್ನು 25 ಅಥವಾ 41 ಮೀಟರಿಗೆ ತಿರುಗಿಸಿ, ಅಲೆಯಂತೆ ಏರುತ್ತಿಳಿಯುತ್ತಿದ್ದ ಧ್ವನಿಯಲ್ಲಿ ತಮ್ಮ ನಾಡಿನ ಹಾಡುಗಳನ್ನೇ ಪರದೇಶದಿಂದ ಕೇಳಿದರು.

1952ರ ಡಿಸೆಂಬರ್ 3ರಂದು ರೇಡಿಯೊ ಸಿಲೋನಿನಿಂದ ‘ಬಿನಾಕಾ ಗೀತ್‌ಮಾಲಾ’ ಎಂಬ ಕಾರ್ಯಕ್ರಮ ಆರಂಭವಾಯಿತು. ಬಿನಾಕಾ ಎಂಬುದು ಒಂದು ಟೂತ್‌ಪೇಸ್ಟಿನ ಹೆಸರು. ಅದನ್ನು ಮಾರುತ್ತಿದ್ದ ಕಂಪೆನಿಯವರೇ ಕಾರ್ಯಕ್ರಮದ ಪ್ರಾಯೋಜಕರು. ನಡೆಸಿಕೊಟ್ಟವರು ಮುಂಬಯಿಯ ಅಮೀನ್ ಸಯಾನಿ. ಆಗ ಅವರಿಗಿನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲವೆಂಬುದನ್ನು ನೀವು ವಿಶೇಷವಾಗಿ ಗಮನಿಸಬೇಕು. ಬರೆಯುವುದು, ಓದುವುದು, ಬಂದ ಪತ್ರಗಳನ್ನು ಪರಿಶೀಲಿಸುವುದು, ಇವೆಲ್ಲಕ್ಕೂ ಸೇರಿ ವಾರಕ್ಕೆ 25 ರೂಪಾಯಿಗಳ ಸಂಭಾವನೆ. ಮುಂದೆ ಜನಪ್ರಿಯತೆಯ ಕ್ರಮದಲ್ಲಿ ಗೀತೆಗಳನ್ನು ಕೇಳಿಸುವ ಕಾರ್ಯಕ್ರಮವೆಂದು ಪ್ರಖ್ಯಾತವಾದ ಇದು, ಮೊದಲಿಗೆ ಶುದ್ಧವಾದ ಸ್ಪರ್ಧೆಯೇ ಆಗಿತ್ತು: ಏಳು ಹಾಡುಗಳನ್ನು ಹಿಂದುಮುಂದಾಗಿ ಕೇಳಿಸುವರು, ಯಾವುದು ಮೊದಲಿನದು, ಯಾವುದು ಅನಂತರದ್ದು ಎಂದು ಕಾಲಾನುಕ್ರಮದಲ್ಲಿ ಜೋಡಿಸಿ ಬರೆದು ಕಳುಹಿಸುವುದು ಶ್ರೋತೃಗಳ ಕೆಲಸ, ಬಹುಮಾನ 100 ರೂಪಾಯಿ. ಮೊದಲ ಪ್ರಸಾರಕ್ಕೇ 9,000 ಪತ್ರಗಳು ಬಂದವು. ಕಾಲಕ್ರಮದಲ್ಲಿ ಅವು ವಾರಕ್ಕೆ 65,000ದವರೆಗೆ ಏರಿದವು. ಅಷ್ಟು ಪತ್ರಗಳನ್ನು ಒಡೆದು ಓದಿ ಸರಿತಪ್ಪುಗಳನ್ನು ನಿರ್ಣಯಿಸುವುದು ಮನುಷ್ಯಮಾತ್ರದವರಿಗೆ ಆಗದ ಕೆಲಸವಾದುದರಿಂದ 1954ರಲ್ಲಿ ಸ್ಪರ್ಧೆಯನ್ನು ಕೈಬಿಟ್ಟು, ಜನಪ್ರಿಯತೆಯ ಸೋಪಾನಕ್ರಮವನ್ನು ಅವಲಂಬಿಸಿದರು. ಸರ್ಕಾರದ ಬಾನುಲಿಯಾದ ಆಕಾಶವಾಣಿಯೂ 1957ರ ಅಕ್ಟೋಬರ್ 3ರಂದು ವಿವಿಧಭಾರತಿ ಎಂಬ ಸೇವೆಯನ್ನು ಆರಂಭಿಸಿ, ಚಿತ್ರಗೀತೆಗೆ ತನ್ನ ಬಾಗಿಲನ್ನು ತೆರೆಯಿತು. ಕೇಸ್ಕರರ ಸಂಗೀತಪ್ರೇಮವನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಹಾಡನ್ನು ಇಷ್ಟು ಮಂದಿ ಇಷ್ಟು ಶ್ರದ್ಧೆಯಿಂದ ಆಲಿಸಿದ್ದು ಅಭಿರುಚಿಯ ಅವನತಿಯಲ್ಲವೆಂದೇ ನನ್ನ ನಂಬಿಕೆ.

ನಮ್ಮ ಕನ್ನಡನಾಡಿನ ಬಾನುಲಿಯ ಚರಿತ್ರೆ ಇದಕ್ಕಿಂತಲೂ ಹಳೆಯದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು, ಮೈಸೂರಿನ ತಮ್ಮ ಮನೆಯಲ್ಲಿಯೇ, ಕೇವಲ 30 ವ್ಯಾಟಿನ ಒಂದು ಪುಟ್ಟ ಯಂತ್ರದಿಂದ ಪ್ರಸಾರವನ್ನು ಆರಂಭಿಸಿದರು. ಒಂದು ವಿದ್ಯುದ್ದೀಪಕ್ಕೆ ಸಾಲುವಷ್ಟು ಶಕ್ತಿಯಿಂದ ಒಂದು ಊರಿಗೆ ಸಂಗೀತವನ್ನು ಕೇಳಿಸಿದ ಆ ಮಹನೀಯರನ್ನು ಕನ್ನಡಿಗರು ಎಷ್ಟು ಸ್ಮರಿಸಿದರೂ ಕಡಿಮೆಯೇ. 1950ರಲ್ಲಿ ಧಾರವಾಡದ ಕೇಂದ್ರವೂ 1955ರಲ್ಲಿ ಬೆಂಗಳೂರಿನ ಕೇಂದ್ರವೂ 1965ರಲ್ಲಿ ಭದ್ರಾವತಿಯ ಕೇಂದ್ರವೂ ತೆರೆದುವು. ಮೆಚ್ಚಿನ ಹಾಡನ್ನು ಕೋರಿ ಜನರು ಅಂಚೆ ಕಾರ್ಡು ಬರೆಯುತ್ತಿದ್ದರು. ಉದ್ಘೋಷಕರು ಕೋರಿದವರ ಹೆಸರನ್ನೂ ಊರನ್ನೂ ಓದುತ್ತಿದ್ದರು; ಕರ್ನಾಟಕದ ಎಷ್ಟೋ ಸಣ್ಣ ಊರುಗಳ ಹೆಸರು ನಮ್ಮ ಕಿವಿಗೆ ಮೊದಲ ಬಾರಿಗೆ ಬಿದ್ದದ್ದು ಹೀಗೆಯೇ.

ತೀರ್ಥಹಳ್ಳಿಯ ಸಮೀಪದ ನನ್ನ ಅಜ್ಜನ ಮನೆಗೆ ಚೆನ್ನಾಗಿ ಕೇಳಿಸುತ್ತಿದ್ದುದು ಭದ್ರಾವತಿಯ ಕೇಂದ್ರ. ಏಪ್ರಿಲಿನಲ್ಲಿ ಪರೀಕ್ಷೆಗಳು ಮುಗಿದು ಶಾಲೆಗೆ ರಜೆ ಬಂದೊಡನೆ ಅಮ್ಮನ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳೆಲ್ಲರೂ ಅಲ್ಲಿ ನೆರೆಯುತ್ತಿದ್ದೆವು. ಅದು ಹಲಸಿನ ಹಪ್ಪಳದ ಕಾಲ. ಬಲಿತ ಹಲಸಿನಕಾಯಿಯ ತೊಳೆಗಳನ್ನು ಬೇಯಿಸಿ, ಒರಳಿನಲ್ಲಿ ಕುಟ್ಟಿ, ಉಪ್ಪು ಖಾರ ಬೆರೆಸಿ, ಉಂಡೆ ಕಟ್ಟಿ, ಮಣೆಯಡಿಯಲ್ಲಿ ಒತ್ತಿದ ಹಪ್ಪಳಗಳನ್ನು ಅಂಗಳದ ಚಾಪೆಗಳ ಮೇಲೆ ಹರವಿದ ನಂತರ, ಅವನ್ನು ಕಾಗೆಗಳಿಂದ ಕಾಯುವುದು ಮಕ್ಕಳ ಪಾಲಿನ ಉದ್ಯೋಗ. ಜಗಲಿಯ ಮೇಲೆ ಚರ್ಮದ ಚೀಲ ತೊಡಿಸಿದ ಟ್ರಾನ್ಸಿಸ್ಟರು. ಸೆಲ್ಲುಗಳ ಶಕ್ತಿ ಕುಂದಿ ಹಾಡು ಕ್ಷೀಣವಾದರೆ ಅವನ್ನೂ ತೆಗೆದು ಹಪ್ಪಳದ ಪಕ್ಕದಲ್ಲಿಯೇ ಬಿಸಿಲಿಗಿಡುತ್ತಿದ್ದೆವು. ಬಿಸಿಲು ಕಾಯಿಸಿದ ಸೆಲ್ಲು ಇನ್ನೆರಡು ದಿನ ಹಾಡುತ್ತಿತ್ತು.

ಬಾನುಲಿಯ ಹಾಡನ್ನು ಕೇಳಿ ಗುರುತಿಸುವ ನಮ್ಮ ಪಂದ್ಯ ನಡೆಯುತ್ತಿದ್ದುದು ಈ ಕಾವಲಿನ ಹೊತ್ತಿನಲ್ಲಿಯೇ; ಅದರ ತೀರ್ಪುಗಾರರು ನನ್ನ ಚಿಕ್ಕಮ್ಮ. ಉದ್ಘೋಷಕರು ಹಾಡಿಗೆ ಮುನ್ನವೇ ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು ಎಂದು ಎಲ್ಲವನ್ನೂ ಹೇಳಿಬಿಡುತ್ತಿದ್ದರಲ್ಲವೆ? ಅದು ಕೇಳಿಸಿಬಿಟ್ಟರೆ ಊಹಿಸುವುದಕ್ಕೆ ಏನೂ ಉಳಿಯದು. ಆದುದರಿಂದ ಚಿಕ್ಕಮ್ಮ ಪ್ರತಿಯೊಂದು ಉದ್ಘೋಷಣೆಯ ಹೊತ್ತಿಗೂ ಧ್ವನಿಯನ್ನು ತೀರ ತಗ್ಗಿಸಿ, ಚರ್ಮದ ಚೀಲದ ಸಣ್ಣ ರಂಧ್ರಗಳಿಗೆ ಕಿವಿ ಹಚ್ಚಿ ತಾವೊಬ್ಬರೇ ಆಲಿಸಿ, ವಾದ್ಯಗಳ ಮೊದಲ ನಾದ ಹೊರಡುವಷ್ಟರಲ್ಲಿ ಗುಂಡಿಯನ್ನು ತಿರುಗಿಸಿ ಧ್ವನಿಯನ್ನು ಏರಿಸುತ್ತಿದ್ದರು. ಗಾಯಕರ ಕಂಠ ಕೇಳುವುದಕ್ಕೆ ಮೊದಲೇ, ಬರಿಯ ವಾದ್ಯಭಾಗದಿಂದ ಹಾಡನ್ನು ಗುರುತಿಸಿದವರಿಗೆ ಎರಡು ಅಂಕ. ಕಂಠ ಕೇಳಿದ ಮೇಲಾದರೆ ಒಂದೇ. ಚಿತ್ರದ ಹೆಸರಿಗೊಂದು, ಸಂಗೀತ ನಿರ್ದೇಶಕರ ಹೆಸರಿಗೊಂದು. ಬರೆದ ಕವಿಯ ಹೆಸರಿಗೆ ಮಾತ್ರ ಮತ್ತೆ ಎರಡು, ಏಕೆಂದರೆ ಹಾಡಿದವರನ್ನು ನೆನೆಯುವ ಲೋಕ ಬರೆದವರನ್ನು ಮರೆಯುತ್ತದೆಂಬುದು ಚಿಕ್ಕಮ್ಮನ ಕೊರಗು. ಹೀಗಾಗಿ ಚಿ. ಉದಯಶಂಕರ್, ವಿಜಯನಾರಸಿಂಹ, ಕು. ರ. ಸೀತಾರಾಮಶಾಸ್ತ್ರಿ, ಆರ್. ಎನ್. ಜಯಗೋಪಾಲ್, ಗೀತಪ್ರಿಯ ಇವರ ಹೆಸರುಗಳು ನಮಗೆ ಗುಣಾಕಾರದ ಮಗ್ಗಿಗಿಂತ ಮೊದಲು ಕಂಠಪಾಠವಾದವು. ತಪ್ಪು ಹೇಳಿದವರು ಮುಂದಿನ ಹಾಡಿಗೆ ಮೌನದಿಂದಿರತಕ್ಕದ್ದು. ಕಾವಲಿನ ಸರದಿಯವರು ಹಾಡಿನಲ್ಲಿ ಮೈಮರೆತು ಕಾಗೆ ಒಂದು ಹಪ್ಪಳವನ್ನು ಕಚ್ಚಿಕೊಂಡು ಹೋದರೆ ಅವರ ಲೆಕ್ಕದಿಂದ ಒಂದು ಅಂಕ ಹೋಯಿತು. ಸ್ಲೇಟಿನ ಮೇಲೆ ಬಳಪದಿಂದ ಬರೆದ ಲೆಕ್ಕವನ್ನು ಸಂಜೆ ಕೂಡಿಸಿ, ಗೆದ್ದವರಿಗೆ ಕೊಬ್ಬರಿ ಎಣ್ಣೆ ಸವರಿದ ಹಸಿ ಹಪ್ಪಳದ ಹಿಟ್ಟಿನ ಒಂದು ದೊಡ್ಡ ಉಂಡೆ. ಗೆದ್ದವರು ಅದನ್ನು ಮುರಿದು ಎಲ್ಲರಿಗೂ ಹಂಚಬೇಕೆಂಬುದೂ ನಿಯಮವೇ ಆಗಿತ್ತು.

ಕೆಲವು ದಿನಗಳು ಕಳೆಯುವಷ್ಟರಲ್ಲಿ ನಮ್ಮ ಕಿವಿಗಳಿಗೆ ಒಂದು ಸೂಕ್ಷ್ಮತೆ ಬರುತ್ತಿತ್ತು. ಹಾಡು ಹೊಸದಾದರೂ ಇದರ ಸಂಗೀತ ಜಿ. ಕೆ. ವೆಂಕಟೇಶರದು, ಇದು ಮೈಸೂರಿನ ಸಹೋದರರಾದ ರಾಜನ್–ನಾಗೇಂದ್ರರದು, ಇದು ವಿಜಯಭಾಸ್ಕರರದು ಎಂದು ಪಿಟೀಲುಗಳು ಏಳುವ, ಕೊಳಲು ಸೇರುವ ರೀತಿಯಿಂದಲೇ ಹೇಳಬಲ್ಲವರಾಗುತ್ತಿದ್ದೆವು. ಎಲ್ಲಕ್ಕಿಂತಲೂ ಕಠಿನವಾದ ಪ್ರಶ್ನೆ ಕಂಠದ್ದು. ನಟ ರಾಜಕುಮಾರರು ತೆರೆಯ ಮೇಲೆ ಹಾಡುವಾಗ ಕೇಳಿಸುತ್ತಿದ್ದುದು ಬಹುಕಾಲ ಗಾಯಕ ಪಿ. ಬಿ. ಶ್ರೀನಿವಾಸರ ಕಂಠ. ಆದರೆ 1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಜಿ. ಕೆ. ವೆಂಕಟೇಶರ ಸಂಗೀತಕ್ಕೆ ರಾಜಕುಮಾರರು ತಾವೇ ಹಾಡಿದರು, ಅಲ್ಲಿಂದ ಮುಂದೆ ತಮ್ಮ ಹಾಡುಗಳನ್ನು ಬಹುಮಟ್ಟಿಗೆ ತಾವೇ ಹಾಡತೊಡಗಿದರು. ಹಳೆಯದೂ ಹೊಸದೂ ಬೆರೆತು ಬರುತ್ತಿದ್ದ ಆ ವರ್ಷಗಳಲ್ಲಿ, ಇದು ಯಾರ ಕಂಠವೆಂದು ಅವಸರದಲ್ಲಿ ಹೇಳಹೊರಟವರು ತಪ್ಪಿ ಮುಂದಿನ ಹಾಡಿಗೆ ಮೌನದಿಂದಿದ್ದದ್ದೇ ಹೆಚ್ಚು.

ಹೊರನಾಡಿನಲ್ಲಿ ಬೆಳೆಯುತ್ತಿರುವ ನಿಮಗೆ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಪಿ. ಬಿ. ಶ್ರೀನಿವಾಸರು ಕಾಕಿನಾಡದವರು, ಗಾಯಕಿಯರಾದ ಎಸ್. ಜಾನಕಿಯವರೂ ಪಿ. ಸುಶೀಲಾ ಅವರೂ ಆಂಧ್ರದಲ್ಲಿಯೇ ಹುಟ್ಟಿದವರು. ಮೂವರ ತಾಯ್ನುಡಿಯೂ ತೆಲುಗು. ಆದರೆ ಅವರ ಬಾಯಲ್ಲಿ ಕನ್ನಡದ ಅಲ್ಪಪ್ರಾಣ ಮಹಾಪ್ರಾಣಗಳೂ ಲಕಾರ ಳಕಾರಗಳೂ ಎಷ್ಟು ಸ್ಪಷ್ಟವಾಗಿ ಹೊರಡುತ್ತಿದ್ದುವೆಂದರೆ, ನಮ್ಮ ಚಿಕ್ಕಮ್ಮ ನಮ್ಮ ಉಚ್ಚಾರಣೆ ಕೆಟ್ಟಾಗಲೆಲ್ಲ ಆ ಹಾಡುಗಳನ್ನೇ ಪ್ರಮಾಣವಾಗಿ ತೋರಿಸುತ್ತಿದ್ದರು. ಕಿವಿಗೊಟ್ಟು ಕೇಳಿ, ನಾಲಗೆಯನ್ನು ಪಳಗಿಸಿ, ಒಂದು ಭಾಷೆಯನ್ನು ತಮ್ಮದಾಗಿಸಿಕೊಂಡವರು ಅವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇಂಗ್ಲಿಷು ಎಂದು ಬೆಳೆಯುವ ನಿಮಗೂ ಆ ದಾರಿ ತೆರೆದೇ ಇದೆ.

ಈ ಬೇಸಗೆಯಲ್ಲಿ ನಮ್ಮ ಕೂಟದ ಮಕ್ಕಳಿಂದ ಈ ಪಂದ್ಯವನ್ನು ಆಡಿಸಬೇಕೆಂದಿದ್ದೇವೆ. ಆಕಾಶವಾಣಿಯ ಕೇಂದ್ರಗಳು ಇಂದು ‘ನ್ಯೂಸ್ ಆನ್ ಎಐಆರ್’ ಎಂಬ ಮೊಬೈಲ್ ಆ್ಯಪಿನ ಮೂಲಕ ಜಗತ್ತಿನಲ್ಲೆಲ್ಲ ದೊರೆಯುತ್ತವೆ. ಬೇಸಗೆಯಲ್ಲಿ ಬೆಂಗಳೂರಿನ ರಾತ್ರಿ 8 ಗಂಟೆ ಅಮೆರಿಕದ ಪೂರ್ವತೀರದ ನಮಗೆ ಬೆಳಗಿನ 10.30, ಆದುದರಿಂದ ಶನಿವಾರದ ಬೆಳಗು ಇದಕ್ಕೆ ಪ್ರಶಸ್ತವಾದ ಹೊತ್ತು. ಉದ್ಘೋಷಣೆಯ ವೇಳೆಯಲ್ಲಿ ಧ್ವನಿಯನ್ನು ತಗ್ಗಿಸಿ ಆಲಿಸುವ ತೀರ್ಪುಗಾರರ ಕೆಲಸವನ್ನು, ಊರಿನಿಂದ ಬೇಸಗೆಗೆಂದು ಇಲ್ಲಿಗೆ ಬಂದಿರುವ ಅಜ್ಜ ಅಜ್ಜಿಯರು ದಯಮಾಡಿ ವಹಿಸಿಕೊಳ್ಳಬೇಕು; ಈ ಹಾಡುಗಳನ್ನು ಅವರಷ್ಟು ಬಲ್ಲವರು ನಮ್ಮಲ್ಲಿ ಬೇರೆ ಯಾರೂ ಇಲ್ಲ. ಕನ್ನಡ ಓದಲು ಬರೆಯಲು ಬಾರದ ಮಕ್ಕಳೂ ಸೇರಬಹುದು, ಕಿವಿಯೊಂದಿದ್ದರೆ ಸಾಕು. ಹಾಡಿನಲ್ಲಿ ಅರ್ಥವಾಗದ ಒಂದು ಮಾತನ್ನು ಪ್ರತಿ ವಾರವೂ ಗುರುತಿಸಿಕೊಂಡು, ಮನೆಯವರನ್ನು ಕೇಳಿ, ಮುಂದಿನ ವಾರ ಬಂದು ಹೇಳಿದವರಿಗೆ ಒಂದು ಅಂಕ ಹೆಚ್ಚು. ಸೇರಲಿಚ್ಛಿಸುವ ಮಕ್ಕಳ ಹೆಸರನ್ನು ತಾಯಿತಂದೆಯರು ಈ ತಿಂಗಳ ಕೊನೆಯೊಳಗೆ ಕೂಟದ ಕಾರ್ಯದರ್ಶಿಗಳಿಗೆ ತಿಳಿಸಬೇಕೆಂದು ಪ್ರಾರ್ಥನೆ. ಬರುವಾಗ ಒಂದು ಪೆನ್ಸಿಲು, ಒಂದು ಹಾಳೆ ತನ್ನಿ. ಹಾಡಿನ ಹೆಸರನ್ನು ಹುಡುಕಿಕೊಡುವ ಫೋನುಗಳನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಬನ್ನಿ.